ಇಕ್ಕಟ್ಟಾದ ಬಾಗಿಲು, ಒಂದು ಫೋನ್ ಕರೆ

ಈಗ ನೀವು ನೋಡುತ್ತಿರುವುದು ನಮ್ಮ ಅಡುಗೆಮನೆಯ ಬಾಗಿಲು. ಇಬ್ಬರು ಒಟ್ಟಿಗೆ ದಾಟಲು ಆಗಲ್ಲ. ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದರೆ ಡಿಕ್ಕಿ ಗ್ಯಾರಂಟಿ. ಸುಮ್ನೆ ತೋರಿಸುತ್ತಿಲ್ಲ, ಕಾರಣ ಇದೆ.

ಕ್ರಿಸ್ಟಫರ್ ಇಶರ್‌ವುಡ್ 1964ರಲ್ಲಿ ಪ್ರಕಟಿಸಿದ ‘ಎ ಸಿಂಗಲ್ ಮ್ಯಾನ್’ ಕಾದಂಬರಿಯಲ್ಲೂ ಇಂಥದ್ದೇ ಬಾಗಿಲಿದೆ. ಲಾಸ್ ಏಂಜಲೀಸ್‌ನ ಕಾಲೇಜಿನಲ್ಲಿ ಪಾಠ ಮಾಡುವ ಜಾರ್ಜ್‌ಗೆ 58 ವರ್ಷ. ಜೊತೆಗೆ ಬಾಳುತ್ತಿದ್ದ ಸಂಗಾತಿ ಜಿಮ್ ಕಾರು ಅಪಘಾತದಲ್ಲಿ ಸತ್ತಿದ್ದಾನೆ. ಬೆಳಗ್ಗೆ ಮೆಟ್ಟಿಲಿಳಿದು ಆ ಬಾಗಿಲ ಹತ್ತಿರ ಬಂದರೆ ಜಾರ್ಜ್ ಗಕ್ಕನೆ ನಿಲ್ಲುತ್ತಾನೆ. ತಟ್ಟೆ ಹಿಡಿದು ಎದುರಿಗೆ ಬಂದು ಗುದ್ದಲು ಯಾರೂ ಇಲ್ಲ. ಜಿಮ್ ಸತ್ತ ಸುದ್ದಿ ಅವನಿಗೆ ದಿನಾ ಅಲ್ಲೇ ಹೊಸದಾಗಿ ಗೊತ್ತಾಗುತ್ತದೆ.

2009ರಲ್ಲಿ ಫ್ಯಾಷನ್ ಡಿಸೈನರ್ ಟಾಮ್ ಫೋರ್ಡ್ ಇದನ್ನು ಸಿನಿಮಾ ಮಾಡಿದರು. ಅವರಿಗದು ಮೊದಲ ಸಿನಿಮಾ. ಅಲ್ಲಿ ಜಾರ್ಜ್ ಮನೆ ತುಂಬಾ ಗಾಜು, ಮರ, ಬೆಳಕು. ಡಿಕ್ಕಿ ಹೊಡೆಯಬೇಕೆಂದರೂ ಆಗದಷ್ಟು ಜಾಗ! ಜಾರ್ಜ್ ಕಣ್ಣಿಗೆ ಏನಾದರೂ ಚೆಂದ ಕಂಡರೆ ಮಂಕಾಗಿದ್ದ ತೆರೆಗೆ ರಂಗೇರುತ್ತದೆ. ಮೊದಲ ಸಲ ಚೆನ್ನಾಗಿತ್ತು, ಆಮೇಲೆ ಜಾಹೀರಾತು ನೋಡಿದ ಹಾಗಾಯಿತು. ಕಾದಂಬರಿಯಲ್ಲಿ ಇಲ್ಲದ ಪಿಸ್ತೂಲು, ಆತ್ಮಹತ್ಯೆಯ ಯೋಚನೆ ಕೂಡ ಸೇರಿಸಿದ್ದಾರೆ. ನನಗದು ಬೇಡವಾಗಿತ್ತು.

ಆದರೆ ಆ ಫೋನ್ ದೃಶ್ಯ ಇದೆಯಲ್ಲ... ಜಿಮ್‌ನ ಕಸಿನ್ ಸಾವಿನ ಸುದ್ದಿ ಹೇಳುತ್ತಾನೆ. ಅಂತ್ಯಕ್ರಿಯೆ ಮನೆಯವರಿಗೆ ಮಾತ್ರ ಅನ್ನುತ್ತಾನೆ. ಜಾರ್ಜ್ ಆದ ಕಾಲಿನ್ ಫರ್ತ್ ದನಿಯಲ್ಲಿ ಮರ್ಯಾದೆ ಒಂಚೂರೂ ತಪ್ಪಲ್ಲ. ಮುಖ ಮಾತ್ರ ನಮ್ಮ ಕಣ್ಣೆದುರೇ ಕುಸಿಯುತ್ತದೆ.

ಕಾದಂಬರಿಯಲ್ಲಿ ಫೋನ್ ಮಾಡುವುದು ಜಿಮ್‌ನ ಅಂಕಲ್. ದೊಡ್ಡಪ್ಪನೋ ಸೋದರಮಾವನೋ, ಇಂಗ್ಲಿಷಿನಲ್ಲಿ ತಿಳಿಯಲ್ಲ, ಬಿಡಿ. ಆತ ಕಲ್ಲುಮನಸ್ಸಿನವನಲ್ಲ. ಮನೆಯವರ ದುಃಖದಲ್ಲಿ ಜಾರ್ಜ್‌ಗೂ ಒಂಚೂರು ಪಾಲಿದೆ ಅಂತ ಒಪ್ಪಿ ಅಂತ್ಯಕ್ರಿಯೆಗೆ ಕರೆಯುತ್ತಾನೆ. ಜಾರ್ಜ್ ‘ಹೂಂ, ಸರಿ’ ಅನ್ನುತ್ತಾ ಹೋಗಿ, ಕೊನೆಗೆ ‘ಬೇಡ, ಥ್ಯಾಂಕ್ಸ್’ ಅಂದುಬಿಡುತ್ತಾನೆ. ಓ, ಈ ರೂಮ್‌ಮೇಟ್ ಅಂಥಾ ಹತ್ತಿರದ ಸ್ನೇಹಿತನೇನೂ ಅಲ್ಲ ಅಂದುಕೊಂಡು ಅಂಕಲ್ ತಣ್ಣಗಾಗುತ್ತಾನೆ.

ಸಿನಿಮಾ ನೋಡುತ್ತಾ ಜಿಮ್ ಮನೆಯವರಿಗೆ ಬೈದು ಹಗುರಾಗಬಹುದು. ಕಾದಂಬರಿಯಲ್ಲಿ ಬೈಯಲು ಯಾರಿದ್ದಾರೆ? ಜನರ ಮುಂದೆ ‘ರೂಮ್‌ಮೇಟ್’ ಅಂತ ಹೇಳಿಕೊಂಡೇ ಬದುಕಿದವನಿಗೆ ಆ ಹೊತ್ತಿನಲ್ಲಿ ಬೇರೆ ದನಿ ಬರಲಿಲ್ಲ, ಅಷ್ಟೇ. ನನಗೆ ಜಾಸ್ತಿ ನೋವು ಕೊಟ್ಟಿದ್ದು ಇದೇ.

ನೀವು ಸಿನಿಮಾ ಮೊದಲು ನೋಡಿ. ನಾನು ಉಲ್ಟಾ ಮಾಡಿದೆ. ಫೋನ್ ದೃಶ್ಯ ಬಂದಾಗ ‘ಅಯ್ಯೋ, ಅವರು ಕರೆದಿದ್ದರಲ್ಲಾ’ ಅಂತ ಟಿವಿ ಜೊತೆ ವಾದಕ್ಕಿಳಿದೆ. ವಾದ ಮಾಡುತ್ತಲೇ ಅತ್ತೆ.