ಚಾವಿ ತಿರುವಿದ್ರೂ ಟ್ರ್ಯಾಕ್ಟರ್ ಚಾಲೂ ಆಗವಲ್ದಾ? ಮೊದ್ಲ ಮೀಟರ್ ಹಿಡೀರಿ

ನಮಸ್ಕಾರ್ರಿ. ಇವತ್ತು ಮುಂದ ನಿಂತಿರೂದು ಗದಗ ಕಡೆ ಎರಿ ಹೊಲದಾಗ ದುಡಿಯೂ ಹಳೇ ಡೀಸೆಲ್ ಟ್ರ್ಯಾಕ್ಟರ್. ಚಾವಿ ತಿರುವಿದ್ರ ಕಟಕ್ ಅಂತೈತಿ, ಸೆಲ್ಫ್ (ಇಂಜಿನ್ ತಿರುವೂ ಮೋಟರ್) ತಿರಗವಲ್ದು. ಹಿಂಗಾದ ಕೂಡ್ಲೆ ಹುಬ್ಬಳ್ಳಿಗೆ ಹೋಗಿ ಹೊಸಾ ಬ್ಯಾಟರಿ ತರೋರು ಭಾಳ ಮಂದಿ. ರೊಕ್ಕಾ ಕೊಡೂಕಿಂತ ಮೊದ್ಲ ಒಂದು ಮಲ್ಟಿಮೀಟರ್ (ವೋಲ್ಟ್ ಅಳಿಯೂ ಮೀಟರ್), ಪಾನಾ, ಸ್ವಲ್ಪ ಉಸುಕಿನ ಕಾಗದ ತಗೋರಿ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಕಾಯಿಲ್ಲೂ ಇಲ್ಲ. ಒಳಗಿನ ಗಾಳಿ ಒತ್ತಿ ಕಾದಾಗ ಡೀಸೆಲ್ ತಾನ ಹೊತ್ಕೋತೈತಿ. ಅದಕ್ಕ ಮೊದ್ಲ ನೋಡೂದು, ಇಂಜಿನ್ ತಿರಗತೈತೋ ಇಲ್ಲೋ. ತಿರಗವಲ್ದು ಅಂದ್ರ ಕರೆಂಟ್ ಹುಡುಕ್ರಿ. ಗರಗರ ತಿರುಗಿದ್ರೂ ಹತ್ತವಲ್ದು ಅಂದ್ರ ಡೀಸೆಲ್ ಹುಡುಕ್ರಿ.

ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಗಾಲಿಗೆ ಕಲ್ಲು. ಸೆಲ್ಫಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡದು ಚಾಲೂ ಮಾಡೂ ಚಟಾ ಬಿಡ್ರಿ. ಗೇರಿನ್ಯಾಗ ಇದ್ರ ಗಾಡಿ ಬಾಜೂಕ ನಿಂತವನ ಮ್ಯಾಲೆ ಹತ್ತತೈತಿ.

ಈಗ ಹೆಡ್‌ಲೈಟ್ ಹಚ್ಚಿ ಚಾವಿ ತಿರುವ್ರಿ. ಲೈಟ್ ಪೂರಾ ಮಂಕಾದ್ರ ಬ್ಯಾಟರಿ ಇಲ್ಲಾ ಅದರ ಜೋಡಣಿ ಸಂಶಯ. ಲೈಟ್ ಇದ್ದಂಗ ಇದ್ದು ಸಪ್ಪಳನ ಇಲ್ಲಂದ್ರ ಸೆಲ್ಫಿಗೆ ಚಾವಿ ಕಡಿಂದ ಕರೆಂಟ್ ಬರವಲ್ದು. ಕಟಕಟಕಟ ಅಂತ ಬಡಕೊಂಡ್ರ ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಕೂಡಿಸೂ ಅಯಸ್ಕಾಂತದ ಸ್ವಿಚ್) ಎಳೀತೈತಿ, ವೋಲ್ಟೇಜ್ ಬೀಳತೈತಿ, ಬಿಡತೈತಿ, ಮತ್ತ ಎಳೀತೈತಿ.

ಬ್ಯಾಟರಿ ಸುಮ್ನಿದ್ದಾಗ ಮೀಟರ್ 12.6 ವೋಲ್ಟ್ ತೋರಿಸಿದ್ರ ತುಂಬೈತಿ. 12.2 ಅಂದ್ರ ಅರ್ಧಾ, 12ಕ್ಕಿಂತ ಕೆಳಗ ಅಂದ್ರ ಚಾರ್ಜಿಗೆ ಹಚ್ರಿ. ಆದ್ರ 12.6 ಕಂಡು ಮೋಸ ಹೋಗಬ್ಯಾಡ್ರಿ. ಇಂಜಿನ್ ಹತ್ತದಂಗ ಡೀಸೆಲ್ ಬಂದ್ ಮಾಡೂ ಸ್ಟಾಪ್ ಗುಬಟಿ ಎಳದು ಹಿಡದು ಸೆಲ್ಫ್ ಹೊಡೀರಿ, ಆವಾಗ 9.6ಕ್ಕಿಂತ ಕೆಳಗ ಬಿದ್ರ ಬ್ಯಾಟರಿ ಒಳಗ ಸತ್ತೈತಿ.

ಇಲ್ಲೆ ಹಂಗಾಗಿಲ್ಲ, 11.4 ಐತಿ ನೋಡ್ರಿ. ಬ್ಯಾಟರಿ ಚಲೋ ಐತಿ. ಹಂಗಾದ್ರ ಕರೆಂಟಿಗೆ ನಡುವ ಎಲ್ಲೋ ತಡೆ ಐತಿ. ಮೀಟರಿನ ಒಂದು ಮೊನಿ ಬ್ಯಾಟರಿ ಮೈನಸ್ ಗೂಟದ ಮ್ಯಾಲೆ ಇಡ್ರಿ. ಕ್ಲ್ಯಾಂಪಿನ ಮ್ಯಾಲಲ್ಲ, ಗೂಟದ ಮ್ಯಾಲೆ. ಇಲ್ಲಂದ್ರ ಆ ಜೋಡಣಿ ತಪ್ಪು ಮೀಟರಿಗೆ ಕಾಣೂದಿಲ್ಲ. ಇನ್ನೊಂದು ಮೊನಿ ಸೆಲ್ಫಿನ ಮೈಗೆ. ಸೆಲ್ಫ್ ಹೊಡದಾಗ 0.5 ವೋಲ್ಟಿನ ಒಳಗಿರಬೇಕು. ಇಲ್ಲೆ 2ರ ಸುತ್ತ ಬಂತು. ಸಿಕ್ತು ಕಳ್ಳ! ಸೆಲ್ಫ್ 200 ಆಂಪಿಯರ್ ಎಳಿಯೂದ್ರಾಗ, ಜೋಡಣ್ಯಾಗ ಬರೇ 0.01 ಓಮ್ ತಡೆ ಇದ್ರೂ 2 ವೋಲ್ಟ್ ಅಲ್ಲೇ ಹೋಗತೈತಿ. ಲೈಟ್ ಎಳಿಯೂದು ಕೆಲವ ಆಂಪಿಯರ್ರು, ಅದಕ್ಕ ಲೈಟ್ ಚಲೋ ಹತ್ತತೈತಿ, ಸೆಲ್ಫ್ ಅಷ್ಟ ಮುನಿಸ್ಕೋತೈತಿ.

ಇಲ್ಲೆ ತಪ್ಪು ಇರೂದು ಬ್ಯಾಟರಿ ಮೈನಸ್ಸಿಂದ ಬರೂ ಅರ್ಥಿಂಗ್ ಪಟ್ಟಿ ಚಾಸಿಗೆ (ಗಾಡಿ ಕಬ್ಬಿಣದ ಮೈಗೆ) ಕೂಡೂ ಬೋಲ್ಟಿನ್ಯಾಗ. ಎರಿ ಮಣ್ಣು ಹಸಿ ಹಿಡಕೊಂಡು ಕುಂತ್ರ ಅಲ್ಲೆ ತುಕ್ಕು ಹಿಡೀತೈತಿ. ಖಂಡೇಪೂಜಿಗೆ ಬಣ್ಣಾ ಹೊಡಿಸಿದ ಗಾಡ್ಯಾಗಂತೂ ಬೋಲ್ಟಿನ ಕೆಳಗೂ ಬಣ್ಣಾ ಇರತೈತಿ! ಮೊದ್ಲ ಮೈನಸ್ ಬಿಚ್ರಿ, ಆಮ್ಯಾಲೆ ಪ್ಲಸ್; ಹಚ್ಚೂವಾಗ ಮೈನಸ್ ಕಡೀಕ. ಬೋಲ್ಟಿನ ಜಾಗಾ ಕಬ್ಬಿಣ ಹೊಳಿಯೂತನಕಾ ತಿಕ್ರಿ. ಬ್ಯಾಟರಿ ಕ್ಲ್ಯಾಂಪಿನ ಬೂಷ್ಟು ಅಡಗಿ ಸೋಡಾ ನೀರಿಲೆ ತೊಳೀರಿ, ಒಣಗಿಸಿ, ಬಿಗಿ ಮಾಡಿದ ಮ್ಯಾಲೆ ವ್ಯಾಸಲಿನ್ ಹಚ್ರಿ.

ಸಪ್ಪಳನ ಬರದ ಗಾಡ್ಯಾಗ ಸೆಲ್ಫಿನ ಸಣ್ಣ ವಾಯರ್ ತುದಿಗೆ ಮೀಟರ್ ಹಿಡೀರಿ. ಚಾವಿ ತಿರುವಿದಾಗ 12ರ ಹತ್ರ ಬರದಿದ್ರ ಫ್ಯೂಸ್, ಚಾವಿ ಸ್ವಿಚ್, ನ್ಯೂಟ್ರಲ್ ಇಲ್ಲಾ ಕ್ಲಚ್ ಸ್ವಿಚ್, ಇಲಿ ಕಡದ ವಾಯರ್ ಒಂದೊಂದ ನೋಡ್ರಿ. ನ್ಯೂಟ್ರಲ್ ಸ್ವಿಚ್ ಕೆಟ್ರ ಬದಲಿಸ್ರಿ, ವಾಯರ್ ನೇರ ಕೂಡಸಬ್ಯಾಡ್ರಿ. ಅಲ್ಲೆ ಕರೆಂಟ್ ಬಂದು ಕಟಕ್ ಅಂದ್ರೂ ಮೋಟರಿಗೆ ಹೋಗೂ ದಪ್ಪ ಬೋಲ್ಟಿಗೆ ದಾಟವಲ್ದಂದ್ರ ಸೊಲೆನಾಯ್ಡ್ ಒಳಗಿನ ತಾಮ್ರದ ತುಣುಕು ಸುಟ್ಟಾವು. ದಾಟಿದ್ರೂ ಮೋಟರ್ ತಿರುಗದಿದ್ರ ಬಹುತೇಕ ಬ್ರಷ್ (ಮೋಟರ್ ಒಳಗ ಕರೆಂಟ್ ಮುಟ್ಟಿಸೂ ಕಾರ್ಬನ್ ತುಣುಕು) ಸವದಿರತಾವು.

ಇನ್ನ ಡೀಸೆಲ್. ಇಂಜಿನ್ ತಿರುಗೂವಾಗ ಸೈಲೆನ್ಸರ್ ನೋಡ್ರಿ. ಬಿಳಿ ಹೊಗಿ ಬಂದ್ರ ಡೀಸೆಲ್ ಒಳಗ ಹೋಗತೈತಿ, ಉರಿಯವಲ್ದು. ಬಹುತೇಕ ಇಂಜಿನ್ ನಿಧಾನ ತಿರಗತಿರತೈತಿ, ಗಾಳಿ ಸಾಕಷ್ಟು ಕಾಯೂದಿಲ್ಲ. ಹೊಗಿನ ಇಲ್ಲಂದ್ರ ಸ್ಟಾಪ್ ಕೇಬಲ್ ಎಳದಲ್ಲೇ ಸಿಕ್ಕೈತೇನು ನೋಡ್ರಿ, ಆಮ್ಯಾಲೆ ಡೀಸೆಲ್ ಪೈಪಿನ್ಯಾಗ ಸಿಕ್ಕ ಗಾಳಿ ತೆಗೀರಿ. ಫಿಲ್ಟರ್ ಮ್ಯಾಲಿನ ಸ್ಕ್ರೂ ಸಡಿಲ ಮಾಡಿ, ಗುಳ್ಳಿ ನಿಲ್ಲೂತನಕಾ ಕೈಪಂಪ್ ಒತ್ರಿ. ಎರಡನೇ ಫಿಲ್ಟರ್, ಆಮ್ಯಾಲೆ ಇಂಜೆಕ್ಷನ್ ಪಂಪಿಗೂ ಹಂಗ. ಕಡೀಕ ಇಂಜೆಕ್ಟರಿಗೆ (ಇಂಜಿನ್ ಒಳಗ ಡೀಸೆಲ್ ಸಿಂಪಡಿಸೂದು) ಬರೂ ಪೈಪಿನ ನಟ್ಟು ಒಂದು ಸುತ್ತು ಸಡಿಲ ಮಾಡಿ ಸೆಲ್ಫ್ ಹೊಡೀರಿ; ಆ ಒತ್ತಡದ ಡೀಸೆಲ್ ಚರ್ಮಾ ತೂರತೈತಿ, ಬೆರಳು ದೂರ ಇಡ್ರಿ. ಒಂದು ಸರ್ತಿಗೆ 10-15 ಸೆಕೆಂಡ್ ಸಾಕು, ಆಮ್ಯಾಲೆ ಒಂದು ನಿಮಿಷ ಸೆಲ್ಫ್ ಆರಲಿ.

ಚಾಲೂ ಆದ ಮ್ಯಾಲೆ ಮೀಟರ್ ಮತ್ತ ಬ್ಯಾಟರಿಗೆ. ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೂ ಯಂತ್ರ) ಇದ್ದ ಗಾಡ್ಯಾಗ ರೇಸ್ ಕೊಟ್ಟಾಗ 13.8ರಿಂದ 14.4 ಬರಬೇಕು. ಬರವಲ್ದಂದ್ರ ಗಾಡಿ ಬಂದ್ ಮಾಡಿ ಬೆಲ್ಟ್ ಸಡಿಲೈತೇನು ಒತ್ತಿ ನೋಡ್ರಿ.