ಬಿಸಿಯೂಟದ ಪಾತ್ರೆಗೆ ಊರಿನ ಅಂಗಡಿ ಏನು ಹಾಕಬಹುದು

ವರ್ತಕರ ಸಂಘದ ಅಧ್ಯಕ್ಷರೇ, ಪದಾಧಿಕಾರಿಗಳೇ, ಮಂಡಿಯ ಬಾಗಿಲನ್ನು ಈ ಸಂಜೆ ಸ್ವಲ್ಪ ಬೇಗನೆ ಹಾಕಿ ಇಲ್ಲಿಗೆ ಬಂದಿರುವ ಬಂಧುಗಳೇ,

ಓದುವ ಮಕ್ಕಳ ಅನ್ನಕ್ಕೆ ವ್ಯಾಪಾರಸ್ಥರು ಕೈಜೋಡಿಸುವುದು ನಮ್ಮ ನಾಡಿಗೆ ಹೊಸತಲ್ಲ. ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದಿದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಸಾಕಷ್ಟು ಮಂದಿ ಇದ್ದರು. ಬೆಂಗಳೂರಿನ ರೈಲು ನಿಲ್ದಾಣದ ಬಳಿ 1903ರಲ್ಲಿ ಛತ್ರ ತೆರೆದ ಗುಬ್ಬಿ ತೋಟದಪ್ಪನವರು ವ್ಯಾಪಾರಿಯೇ ಆಗಿದ್ದವರು. ತಮ್ಮ ಗಳಿಕೆಯನ್ನು ಅವರು ವಿದ್ಯಾರ್ಥಿನಿಲಯಕ್ಕೂ ವಿನಿಯೋಗಿಸಿದರು. ಆದ್ದರಿಂದ ನೀವು ಕೊಡಬೇಕೋ ಬೇಡವೋ ಎಂದು ವಾದಿಸಲು ನಾನು ಬಂದಿಲ್ಲ. ಏನನ್ನು, ಯಾವಾಗ, ಯಾರ ಕೈಗೆ ಕೊಟ್ಟರೆ ಅದು ಮಗುವಿನ ತಟ್ಟೆಯನ್ನು ಮುಟ್ಟುತ್ತದೆ ಎಂಬುದನ್ನು, ಮುಖ್ಯೋಪಾಧ್ಯಾಯನಾಗಿ ವರ್ಷಗಟ್ಟಲೆ ಬಿಸಿಯೂಟದ ಲೆಕ್ಕ ಬರೆದವನ ಅನುಭವದಿಂದ ಹೇಳುತ್ತೇನೆ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆದೇಶಿಸಿತು. ಮರುವರ್ಷ ಉತ್ತರ ಕರ್ನಾಟಕದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬಂತು. ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂಬುದು ನಿಯಮ. ಆರರಿಂದ ಎಂಟನೆಯವರಿಗೆ ಇದರ ಒಂದೂವರೆ ಪಟ್ಟು. ಇದರಲ್ಲಿ ಅಕ್ಕಿ, ಬೇಳೆ, ಎಣ್ಣೆಗಳು ಸರ್ಕಾರದ ಸರಬರಾಜಿನಿಂದಲೇ ಶಾಲೆಗೆ ಬರುತ್ತವೆ, ಪೇಟೆಯಲ್ಲಿ ಅವುಗಳ ಬೆಲೆ ಏರಿದರೂ ಅಡುಗೆಮನೆಗೆ ಅದು ತಟ್ಟುವುದಿಲ್ಲ. ತರಕಾರಿಯ ಕಥೆ ಬೇರೆ. ಅದನ್ನು ಗೊತ್ತುಮಾಡಿದ ಹಣದಲ್ಲಿ ನಾವೇ ಸಂತೆಯಲ್ಲಿ ಕೊಳ್ಳಬೇಕು. ಹಣ ನಿಂತಲ್ಲೇ ನಿಂತಿರುತ್ತದೆ, ಧಾರಣೆ ಮಾತ್ರ ಓಡುತ್ತಿರುತ್ತದೆ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಕಾಗದದ ಮೇಲಿನ 50 ಗ್ರಾಂ ಕಾಗದದ ಮೇಲೆಯೇ ಉಳಿಯಿತು. ಶಾಲೆಯ ಸಾಂಬಾರಿನ ಬಣ್ಣ ನೋಡಿದರೆ ಸಾಕು, ಆ ವಾರದ ಸಂತೆಯ ದರವನ್ನು ಹೇಳಿಬಿಡಬಹುದಿತ್ತು.

ಮೊಟ್ಟೆಯದೂ ಹೀಗೆಯೇ. ವಾರಕ್ಕೆ ಎರಡು ದಿನ ಸರ್ಕಾರ ಕೊಡುತ್ತಿದ್ದ ಮೊಟ್ಟೆಯನ್ನು ಆರೂ ದಿನಕ್ಕೆ ವಿಸ್ತರಿಸಲು ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರ ಜುಲೈಯಲ್ಲಿ ರಾಜ್ಯದೊಡನೆ ಒಪ್ಪಂದ ಮಾಡಿಕೊಂಡು, ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿಯನ್ನು ತೆಗೆದಿರಿಸಿತು. ಅಷ್ಟು ದೊಡ್ಡ ಕೈ ನೀಡಿದ ಮೇಲೆ ನಮ್ಮಂಥ ಊರಿನ ಅಂಗಡಿಗೆ ಇನ್ನೇನು ಕೆಲಸ ಎಂದು ನಿಮಗೆ ಅನ್ನಿಸಬಹುದು. ಆದರೆ ಆಗ ಒಂದು ಮೊಟ್ಟೆಗೆ ಗೊತ್ತಾಗಿದ್ದ 6 ರೂಪಾಯಿಯಲ್ಲಿ ಬೇಯಿಸುವ ಇಂಧನ, ಸುಲಿಯುವ ಕೂಲಿ ಎಲ್ಲವೂ ಸೇರಿದ್ದವು. ಚಳಿಗಾಲದಲ್ಲಿ ಬೇಡಿಕೆ ಹೆಚ್ಚಿ ದರ ಏರಿದಾಗ ಮೊಟ್ಟೆಯೊಂದಕ್ಕೆ ಒಂದೇ ರೂಪಾಯಿ ಕಡಿಮೆ ಬಿತ್ತೆಂದು ಇಟ್ಟುಕೊಳ್ಳಿ: ಇನ್ನೂರು ಮಕ್ಕಳ ಶಾಲೆಗೆ ಆರು ದಿನಕ್ಕೆ 1,200 ರೂಪಾಯಿ. ಅದನ್ನು ಯಾರೋ ಒಬ್ಬ ಮೇಷ್ಟ್ರು ತಮ್ಮ ಜೇಬಿನಿಂದ ಹಾಕುತ್ತಾರೆ, ಇಲ್ಲವೇ ಸಣ್ಣ ಮೊಟ್ಟೆ ಹುಡುಕುತ್ತಾರೆ.

ವ್ಯಾಪಾರಿಯಲ್ಲದೆ ಬೇರೆ ಯಾರೂ ಕೊಡಲಾಗದ ದಾನ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ. ಅದು ಸ್ಥಿರವಾದ ದರ. ಊರಿನ ತರಕಾರಿ ಮಂಡಿಯವರು, ಮೊಟ್ಟೆಯ ಸಗಟು ಅಂಗಡಿಯವರು ಜೂನ್ ತಿಂಗಳಿನಲ್ಲಿ ಒಂದು ಶಾಲೆಯ ಎಸ್‌ಡಿಎಂಸಿಯೊಡನೆ, ಅಂದರೆ ಶಾಲೆಯ ಉಸ್ತುವಾರಿ ನೋಡುವ ಪೋಷಕರ ಸಮಿತಿಯೊಡನೆ ಕುಳಿತು, ಸರ್ಕಾರ ಕೊಡುವ ಹಣದ ಮಿತಿಯೊಳಗೇ ಒಂದು ಬೆಲೆಯನ್ನು ಗೊತ್ತುಮಾಡಿ, ಮುಂದಿನ ಏಪ್ರಿಲ್‌ವರೆಗೆ ಅದನ್ನು ಕದಲಿಸದೆ ನಡೆಸಿಕೊಟ್ಟರೆ, ಏರಿಳಿತದ ಭಾರ ಅದನ್ನು ಹೊರಬಲ್ಲವರ ಹೆಗಲಿಗೆ ಬಂದಂತಾಗುತ್ತದೆ. ಧಾರಣೆ ಇಳಿದ ತಿಂಗಳುಗಳಲ್ಲಿ ನಿಮಗೆ ನಷ್ಟವಿಲ್ಲ, ಏರಿದ ತಿಂಗಳುಗಳಲ್ಲಿ ನೀವು ಬಿಟ್ಟುಕೊಡುವ ವ್ಯತ್ಯಾಸವೇ ನಿಮ್ಮ ಕೊಡುಗೆ. 2013ರ ಕಂಪನಿ ಕಾಯ್ದೆ ಸಾಮಾಜಿಕ ಕಾರ್ಯಕ್ಕೆ ಲಾಭದ ಶೇ 2ರಷ್ಟನ್ನು ವಿನಿಯೋಗಿಸಬೇಕೆಂದು ಹೇಳುವುದು ದೊಡ್ಡ ಕಂಪನಿಗಳಿಗೆ. ನಿಮ್ಮ ಗಲ್ಲಾಪೆಟ್ಟಿಗೆಯ ಮೇಲೆ ಆ ಕಾನೂನಿನ ಕೈ ಇಲ್ಲ, ಆದ್ದರಿಂದ ನೀವು ಕೊಟ್ಟದ್ದು ಪೂರ್ತಿ ನಿಮ್ಮದೇ.

ಇದಕ್ಕೆ ಹಾರ, ತುರಾಯಿ ಇಲ್ಲ ಎಂಬುದು ನಿಜ. ಹಾರ, ತುರಾಯಿ ಇರುವ ದಾನವನ್ನೂ ನಾನು ಕಂಡಿದ್ದೇನೆ. ಒಮ್ಮೆ ದಾನಿಯೊಬ್ಬರ ಹುಟ್ಟುಹಬ್ಬಕ್ಕೆ ನಮ್ಮ ಮಕ್ಕಳಿಗೆ ಲಾಡು ಬಂತು. ಅತಿಥಿಗಳು ಬಂದು ಫೋಟೊ ಆಗುವವರೆಗೆ ಮಕ್ಕಳು ಸಾಲಿನಲ್ಲಿ ನಿಂತರು, ಲಾಡು ತಿಂದ ಮೇಲೆ ಅನ್ನ ಸೇರಲಿಲ್ಲ, ಆ ದಿನ ಮಿಕ್ಕ ಸಾಂಬಾರನ್ನು ಚೆಲ್ಲಬೇಕಾಯಿತು. ದಾನಿಯ ಮನಸ್ಸು ಒಳ್ಳೆಯದೇ. ಶಾಲೆಯಲ್ಲಿ ಆ ಹೊತ್ತಿಗೆ ಬೇಕಾಗಿದ್ದದ್ದೇನು ಎಂದು ಅವರು ಕೇಳಿರಲಿಲ್ಲ, ನಾನೂ ಬಾಯಿ ಬಿಟ್ಟು ಹೇಳಿರಲಿಲ್ಲ. ತಪ್ಪಿನಲ್ಲಿ ನನಗೂ ಪಾಲಿದೆ.

ಇನ್ನೊಂದು ಮಾತು ಎಚ್ಚರದ್ದು. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು, ಅಡುಗೆಯಲ್ಲಿ ಕೀಟನಾಶಕ ಸೇರಿತ್ತು. ಆದ್ದರಿಂದ ಹೊರಗೆ ಬೇಯಿಸಿದ್ದನ್ನು ತರುವುದಕ್ಕಿಂತ ಹಸಿ ಪದಾರ್ಥವನ್ನೇ ಕೊಡಿ. ಬೇಯಿಸುವುದು ಶಾಲೆಯ ಒಲೆಯ ಮೇಲೆಯೇ ಆಗಲಿ, ಮಕ್ಕಳಿಗಿಂತ ಮೊದಲು ಶಿಕ್ಷಕರು ರುಚಿ ನೋಡುವ ಪದ್ಧತಿ ತಪ್ಪದಿರಲಿ. ಅವಧಿ ಮುಗಿಯಲು ವಾರವಿದೆ ಎಂದು ಶಾಲೆಗೆ ಸಾಗಿಸುವ ಬಿಸ್ಕತ್ತಿನ ಪೆಟ್ಟಿಗೆಯನ್ನು ನಾನು ದಾನದ ಲೆಕ್ಕಕ್ಕೆ ಸೇರಿಸುವುದಿಲ್ಲ. ನೀವು ನಗುತ್ತಿದ್ದೀರಿ, ಆದರೆ ಅಂಥ ಪೆಟ್ಟಿಗೆಗಳಿಗೂ ನಾನು ರಸೀದಿ ಬರೆದಿದ್ದೇನೆ.

ದಿನದ ವಿಚಾರಕ್ಕೆ ಬರುತ್ತೇನೆ. ನಮ್ಮ ಶಾಲೆಯ ಮುಖ್ಯ ಅಡುಗೆಯವರು ಸೋಮವಾರ ಮಾತ್ರ ಅಕ್ಕಿಯನ್ನು ಒಂದು ಸೇರು ಹೆಚ್ಚಿಗೆ ಅಳೆಯುತ್ತಿದ್ದರು. ಲೆಕ್ಕ ತಪ್ಪುತ್ತದಲ್ಲಮ್ಮಾ ಎಂದರೆ, "ನಿನ್ನೆ ಭಾನುವಾರ ಅಲ್ವಾ ಸಾರ್" ಎಂದಷ್ಟೇ ಹೇಳಿದರು. ಹಾಜರಿ ಪುಸ್ತಕದಲ್ಲಿ ಕಾಣದ ಹಸಿವು ಅವರ ಸೌಟಿಗೆ ಕಾಣುತ್ತಿತ್ತು. ಹಬ್ಬದ ರಜೆ ಮುಗಿದ ಮರುದಿನವೂ ಹಾಗೆಯೇ, ಬೇಸಿಗೆ ರಜೆ ಮುಗಿದ ಮೊದಲ ವಾರವಂತೂ ಇನ್ನೂ ಹೆಚ್ಚು.

ಆದ್ದರಿಂದ ನಿಮ್ಮಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಳ್ಳುವುದಾದರೆ ಸೋಮವಾರದಿಂದ ತೊಡಗಿ. ಒಲೆ ಹಚ್ಚುವುದಕ್ಕೆ ಮುಂಚೆ, ಬೆಳಗಿನ ಒಂಬತ್ತರೊಳಗೆ, ತರಕಾರಿ ಶಾಲೆ ಮುಟ್ಟಲಿ. ಎಷ್ಟು ಬೇಕೆಂದು ಹಿಂದಿನ ಶನಿವಾರವೇ ಅಡುಗೆಯವರನ್ನು ಕೇಳಿಕೊಳ್ಳಿ. ತೂಕವನ್ನು ಅಡುಗೆಮನೆಯ ಪುಸ್ತಕದಲ್ಲಿ ನಿಮ್ಮ ಹುಡುಗನೇ ಬರೆದು, ಅಡುಗೆಯವರ ಸಹಿ ಪಡೆದು ಬರಲಿ.