ಕುದಿಸಿದರೂ ಹೋಗದ ವಿಷ

ಕೇಳುಗರೇ, ನಮಸ್ಕಾರ.

ಮಲೆನಾಡಿನಲ್ಲಿ ಕೂತು ಸಮುದ್ರದ ಪಾಚಿಯ ಮಾತು ಯಾಕೆ ಅನ್ನಿಸಬಹುದು. ಕರಾವಳಿಯ ಮೀನು, ಬಳಚು ಎಂಬ ಚಿಪ್ಪಿನ ಜೀವಿ ಘಟ್ಟ ಹತ್ತಿ ನಮ್ಮೂರಿಗೂ ಬರುತ್ತವೆ ಅಲ್ವಾ? ನಮ್ಮ ಮಕ್ಕಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದಿ ಮಂಗಳೂರಿನ ಕಡೆ ಲ್ಯಾಬ್ ಸೇರುವುದೂ ಉಂಟು. ಇವತ್ತಿನ ಮಾತು ಮುಖ್ಯವಾಗಿ ಅವರಿಗೆ.

ಸಮುದ್ರದ ಕೆಲವು ಸೂಕ್ಷ್ಮ ಪಾಚಿಗಳಲ್ಲಿ ಸ್ಯಾಕ್ಸಿಟಾಕ್ಸಿನ್ ಎಂಬ ವಿಷವಿರುತ್ತದೆ. ಬಳಚು ನೀರು ಸೋಸಿ ಪಾಚಿ ತಿನ್ನುತ್ತದೆ, ವಿಷ ಅದರ ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಅದನ್ನು ತಿಂದವರಿಗೆ ಮೊದಲು ತುಟಿ ಜೋಮು ಹಿಡಿಯುತ್ತದೆ. ಜಾಸ್ತಿಯಾದರೆ ಉಸಿರಾಟವೇ ನಿಲ್ಲಬಹುದು. 1983ರಲ್ಲಿ ಮಂಗಳೂರಿನ ಹತ್ತಿರವೇ ಜನ ಹೀಗೆ ನರಳಿದ್ದಾರೆ. ಇದಕ್ಕೆ ಪ್ರತಿವಿಷವಿಲ್ಲ. ವಿಷ ಇಳಿಯುವ ತನಕ ಯಂತ್ರದಿಂದ ಉಸಿರಾಡಿಸಬೇಕು, ಅಷ್ಟೆ.

ಒಂದು ಕಿಲೋ ಮಾಂಸದಲ್ಲಿ 800 ಮೈಕ್ರೋಗ್ರಾಂ ದಾಟಬಾರದು ಎಂಬುದು ಹಲವು ದೇಶಗಳ ಮಿತಿ. ಅದನ್ನು ಅಳೆಯಲು, ಹೋಲಿಸಿ ನೋಡಲೆಂದು, ಲ್ಯಾಬಿನಲ್ಲಿ ಅದೇ ವಿಷದ ದ್ರಾವಣ ಇಟ್ಟುಕೊಳ್ಳಬೇಕಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಉಳಿದದ್ದನ್ನು ಏನು ಮಾಡುವುದು?

‘ಚೆನ್ನಾಗಿ ಬೇಯಿಸಿದರೆ ಏನೂ ಆಗಲ್ಲ’ ಎಂಬ ನಂಬಿಕೆ ಅಡುಗೆಮನೆಯಿಂದ ಲ್ಯಾಬಿಗೂ ಬಂದುಬಿಟ್ಟಿದೆ. ಆಟೋಕ್ಲೇವ್ ಅಂದರೆ ಲ್ಯಾಬಿನ ದೊಡ್ಡ ಪ್ರೆಷರ್ ಕುಕ್ಕರ್; ಅದರ 121 ಡಿಗ್ರಿ ಹಬೆಗೆ ಬ್ಯಾಕ್ಟೀರಿಯಾ ಸಾಯುತ್ತದೆ ನಿಜ. ಸ್ಯಾಕ್ಸಿಟಾಕ್ಸಿನ್ ಒಂದು ಪುಟ್ಟ ಅಣು, ಕೊಲ್ಲಲು ಅದಕ್ಕೆ ಜೀವವೇ ಇಲ್ಲ. ಆಮ್ಲದಲ್ಲಿದ್ದರಂತೂ ಬಿಸಿಗೆ ಜಗ್ಗುವುದಿಲ್ಲ. ಹಬೆಯನ್ನು ನಂಬಿ ಸಿಂಕಿಗೆ ಸುರಿಯುವುದು ದೊಡ್ಡ ತಪ್ಪು.

ಅದನ್ನು ಒಡೆಯುವುದು ಕ್ಷಾರ ಸೇರಿದ ಬ್ಲೀಚ್. ಸೋಡಿಯಂ ಹೈಪೋಕ್ಲೋರೈಟ್ 2.5 ಶೇಕಡಾ ಇರಬೇಕು, ಜೊತೆಗೆ 0.25 ನಾರ್ಮಲ್ ಸಾಂದ್ರತೆಯ ಕಾಸ್ಟಿಕ್ ಸೋಡಾ. ಕನಿಷ್ಠ 30 ನಿಮಿಷ ಬಿಡಬೇಕು. ಚಹಾಕ್ಕೆ ಹೊತ್ತಾಯಿತು ಅಂತ ಹತ್ತು ನಿಮಿಷಕ್ಕೆ ಚೆಲ್ಲಬಾರದು. ಬ್ಲೀಚ್ ದಿನ ಕಳೆದಂತೆ, ಬಿಸಿಲು ಬಿದ್ದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ದ್ರಾವಣವನ್ನು ಆವತ್ತೇ ಮಾಡಿಕೊಳ್ಳಿ.

ಒಂದು ಎಚ್ಚರಿಕೆ ಒತ್ತಿ ಹೇಳುತ್ತೇನೆ. ಈ ವಿಷವನ್ನು ಸಾಮಾನ್ಯವಾಗಿ ತೆಳು ಆಮ್ಲದಲ್ಲಿ ಇಡುತ್ತಾರೆ. ಆಮ್ಲಕ್ಕೆ ಬ್ಲೀಚ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲು ಕ್ಷಾರ ಹಾಕಿ, ಆಮೇಲೆ ಬ್ಲೀಚ್. ಅನಿಲವನ್ನು ಹೊರಗೆಳೆಯುವ ಗೂಡಿನ, ಅಂದರೆ ಫ್ಯೂಮ್ ಹುಡ್‌ನ ಒಳಗೇ ಮಾಡಿ, ಕೈಗವಸು, ಕನ್ನಡಕ ತೆಗೆಯಬೇಡಿ. ಮೆಥನಾಲ್, ಅಸಿಟೋನೈಟ್ರೈಲ್, ಅಮೋನಿಯಾ ಸೇರಿದ್ದಕ್ಕೆ ಬ್ಲೀಚ್ ಮುಟ್ಟಿಸಲೇಬೇಡಿ. ಅದನ್ನು ಬೇರೆ ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ.

ಒಣ ಪುಡಿ ತೂಗುವ ಕೆಲಸ ಬೇಡ, ಧೂಳು ಮೂಗಿಗೆ ಹೋಗುತ್ತದೆ. ತಯಾರಾದ ದ್ರಾವಣವನ್ನೇ ತರಿಸಿಕೊಳ್ಳಿ.

ದ್ರಾವಣ ಅಳೆದು ಹೀರುವ ಪಿಪೆಟ್‌ನ ಬಳಸಿದ ಟಿಪ್‌ಗಳನ್ನೂ (ತುದಿಯ ಪ್ಲಾಸ್ಟಿಕ್ ಕೊಳವೆ) ಅದೇ ಬ್ಲೀಚಿನಲ್ಲಿ ಮುಳುಗಿಸಿ. ಸುಮ್ನೆ ಎಸೆದರೆ ಅವು ತೇಲುತ್ತವೆ. ಒಳಗೆ ಗಾಳಿ ಉಳಿದ ಕಡೆ ವಿಷವೂ ಉಳಿಯುತ್ತದೆ. ಒಂದೊಂದರ ಒಳಗೂ ದ್ರಾವಣ ಎಳೆದು ತುಂಬಿ, ಆಮೇಲೆ ಗಡಿಯಾರ ನೋಡಿ.

ನಮಸ್ಕಾರ.